ಅಜ್ಜನ ಮಿಲಿಟರಿ ಕಾಗದ: ಓದುಗರ ಪ್ರಶ್ನೆ, ನಮ್ಮ ಉತ್ತರ

ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯಲ್ಲಿದ್ದ ಅಜ್ಜ, ಮುತ್ತಜ್ಜಂದಿರ ಕಾಗದಪತ್ರ ಮನೇಲಿದ್ದು ಏನೂ ಅರ್ಥ ಆಗ್ತಿಲ್ಲ ಅಂದ್ರೆ ಬರೆದು ಕಳ್ಸಿ ಅಂತ ಕೇಳಿದ್ವಿ. ಬಂದ ಪತ್ರಗಳಲ್ಲಿ ಬೇರೆಯವರಿಗೂ ಉಪಯೋಗ ಆಗೋ ಅಂಥವನ್ನ ಇಲ್ಲಿ ಆರಿಸ್ಕೊಂಡಿದೀವಿ. ಆ ಯುದ್ಧದಲ್ಲಿ ಭಾರತದ ಸೇನೆ ಸುಮಾರು 25 ಲಕ್ಷ ಜನರ ತನಕ ಬೆಳೀತು, ಭಾರತೀಯರಿಗೆ ಕಡ್ಡಾಯ ಭರ್ತಿ ಇರ್ಲಿಲ್ಲ, ಎಲ್ರೂ ಹೊಟ್ಟೆಪಾಡಿಗೋ ಛಲಕ್ಕೋ ತಾವಾಗೇ ಹೋಗಿ ಹೆಸರು ಬರೆಸಿದವ್ರು. ಅದ್ರಲ್ಲಿ ನಮ್ಮೂರುಗಳಿಂದ ಹೋದವ್ರ ಕತೆ ಬಹಳಷ್ಟು ಮನೆಗಳಲ್ಲಿ ಒಂದೆರಡು ಹಾಳೆ ಮಾತ್ರ ಉಳಿದಿದೆ, ಹಾಗಾಗಿ ಆ ಹಾಳೆ ಸರಿಯಾಗಿ ಓದೋದು ನಂಗೆ ಬಹಳ ಮುಖ್ಯ ಅನ್ಸುತ್ತೆ. ಓದೋ ಕ್ರಮ ಒಂದೇ: ಮೊದಲು ತಾರೀಖು, ಆಮೇಲೆ ಯೂನಿಟ್ಟು, ಆಮೇಲೆ ಜಾಗ. ಮನೇಲಿ ಕೇಳಿದ ಕತೆನ ಇವು ಮೂರೂ ಸಿಕ್ಕಿದ ಮೇಲೆ ಪಕ್ಕದಲ್ಲಿಟ್ಟು ನೋಡಿ, ಮೊದಲೇ ಕತೆ ಹಿಡ್ಕೊಂಡು ಕಾಗದ ಓದಿದ್ರೆ ಕಣ್ಣಿಗೆ ಬೇಕಾದ್ದೇ ಕಾಣ್ಸುತ್ತೆ.

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಅಜ್ಜಾರು ಅಂದ್ರ ಅವ್ವನ ಅಪ್ಪ ಮಿಲ್ಟ್ರಿಯಾಗಿದ್ರು, ಇಟಲಿಗೆ ಹೋಗಿ ಬಂದಿದ್ರು ಅಂತ ಅವ್ವ ಹೇಳ್ತಾಳ. ಟ್ರಂಕಿನ್ಯಾಗ ಎರಡು ಹಾಳಿ ಸಿಕ್ಕಾವು. ಒಂದರ ಮ್ಯಾಲೆ ‘ಕ್ಯಾಶುಯಲ್ಟಿ’ ಅಂತ ದೊಡ್ಡ ಅಕ್ಷರದಾಗ ಅದ, ಕೆಳಗ ಹಾಳಿ ತುಂಬ ಸಾಲು ಅದಾವು. ಅಷ್ಟು ಸಲ ಗಾಯ ಆಗಿತ್ತೇನು ಅಂತ ಅವ್ವ ಅಳಾಕತ್ತಾಳ. ‘3/5 ಎಂ.ಎಲ್.ಐ.’, ‘ಟಿ.ಓ.ಎಸ್.’, ‘ಎಸ್.ಓ.ಎಸ್.’, ‘ಪೈಫೋರ್ಸ್’, ‘ಎಂ.ಇ.ಎಫ್.’, ‘ಸಿ.ಎಂ.ಎಫ್.’, ‘ಜಿ.ಎಸ್.ಡಬ್ಲ್ಯೂ.’ ಅಂತ ಏನೇನೋ ಬರದಾರ. ಫೋಟೋ ಕಳಿಸೀನಿ, ಸ್ವಲ್ಪ ಬಿಡಿಸಿ ಹೇಳ್ರಿ.
— ಓದುಗರು, ಬೆಳಗಾವಿ ಜಿಲ್ಲೆ

ಉತ್ತರ: ಮೊದಲು ಅವ್ವಾರಿಗೆ ಸಮಾಧಾನ ಹೇಳ್ರಿ. ಸೇನೆಯ ಕಚೇರಿ ಭಾಷೇಲಿ ಕ್ಯಾಶುಯಲ್ಟಿ ಅಂದ್ರೆ ಗಾಯ ಅಥವಾ ಸಾವು ಮಾತ್ರ ಅಲ್ಲ, ಸೈನಿಕನ ಲೆಕ್ಕದಲ್ಲಿ ಆದ ಯಾವ ಬದಲಾವಣೆನೂ ಕ್ಯಾಶುಯಲ್ಟಿನೇ. ರಜೆಗೆ ಹೋದ, ವಾಪಸ್ ಬಂದ, ಲಾನ್ಸ್ ನಾಯಕ್ ಆದ, ಹಡಗು ಹತ್ತಿದ, ಆಸ್ಪತ್ರೆ ಸೇರಿದ, ಎಲ್ಲಾ ಅದೇ ಕಾಲಂನಲ್ಲಿ ಬರುತ್ತೆ. ನೀವು ಕಳಿಸಿದ ಹಾಳೇಲಿ ಗಾಯ ಅಂತ ಇರೋದು ಒಂದೇ ಸಾಲು, ಅದನ್ನ ಆಮೇಲೆ ಹೇಳ್ತೀನಿ.

ಈಗ ‘3/5 ಎಂ.ಎಲ್.ಐ.’ ನೋಡೋಣ, ಇಡೀ ಹಾಳೆಗೆ ಕೀಲಿ ಇದೇ. ಇದು ತಾರೀಖಲ್ಲ. ಐದನೇ ರೆಜಿಮೆಂಟಿನ ಮೂರನೇ ಬೆಟಾಲಿಯನ್ ಅಂತ. ಆಗ ಕಾಲ್ದಳದ ರೆಜಿಮೆಂಟುಗಳಿಗೆ ನಂಬರ್ ಇರ್ತಿತ್ತು, ಐದನೇ ನಂಬರು ಮಹ್ರಾಟಾ ಲೈಟ್ ಇನ್ಫೆಂಟ್ರಿದು, ಇವತ್ತು ನಿಮ್ಮ ಬೆಳಗಾವಿಯಲ್ಲೇ ಸೆಂಟರ್ ಇರೋ ಮರಾಠಾ ಲೈಟ್ ಇನ್ಫೆಂಟ್ರಿ ಅದೇ. ಮುಂದಿನ ಅಂಕೆ ಯಾಕೆ ಇಷ್ಟು ಮುಖ್ಯ ಅಂದ್ರೆ, ಒಂದೇ ರೆಜಿಮೆಂಟಿನ ಬೆಟಾಲಿಯನ್‌ಗಳು ಬೇರೆ ಬೇರೆ ದೇಶದಲ್ಲಿ ಹೋರಾಡ್ತಿದ್ವು. 2/5 ಅನ್ನೋದು 1942ರ ಜೂನ್‌ನಲ್ಲಿ ಲಿಬಿಯಾದ ತೋಬ್ರುಕ್ ಬಿದ್ದಾಗ ಸೆರೆ ಸಿಕ್ಕಿದ ಬೆಟಾಲಿಯನ್. 4/5 ಇದ್ದದ್ದು ಮಣಿಪುರ ಬರ್ಮಾ ಕಡೆ. 1/5 ಮತ್ತು 3/5 ಎರಡೂ ಇಟಲಿಗೆ ಹೋದ್ವು, ಆದ್ರೆ 1/5 ಇದ್ದದ್ದು 8ನೇ ಇಂಡಿಯನ್ ಡಿವಿಜನ್ನಲ್ಲಿ (ಡಿವಿಜನ್ ಅಂದ್ರೆ ಹಲವು ಬೆಟಾಲಿಯನ್ ಸೇರಿದ ದೊಡ್ಡ ಪಡೆ), 3/5 ಇದ್ದದ್ದು 10ನೇದ್ರಲ್ಲಿ. ಒಂದು ಅಂಕೆ ತಪ್ಪು ಓದಿದ್ರೆ ಅಜ್ಜಾರನ್ನ ಬೇರೆ ಖಂಡಕ್ಕೇ ಕಳಿಸಿದ ಹಾಗಾಗುತ್ತೆ. ಮಸುಕಾದ ಜಾಗದಲ್ಲಿ 2 ಮತ್ತೆ 3 ಒಂದೇ ಥರ ಕಾಣುತ್ತೆ, ನಿಮ್ಮ ಹಾಳೇಲಿ ಇನ್ನೆರಡು ಕಡೆ ಅದೇ ಯೂನಿಟ್ ಬಂದಿರೋದ್ರಿಂದ 3 ಅಂತ ಧೈರ್ಯವಾಗಿ ಹೇಳಬಹುದು.

ಟಿ.ಓ.ಎಸ್. ಅಂದ್ರೆ ಆ ತಾರೀಖಿಂದ ಈ ಯೂನಿಟ್ಟಿನ ಲೆಕ್ಕಕ್ಕೆ ಸೇರಿಸ್ಕೊಂಡ್ರು, ಎಸ್.ಓ.ಎಸ್. ಅಂದ್ರೆ ಲೆಕ್ಕದಿಂದ ತೆಗೆದ್ರು. ಎಸ್.ಓ.ಎಸ್. ನೋಡಿ ಕೆಲಸದಿಂದ ತೆಗೆದ್ರಾ ಅಂತ ಭಾಳ ಜನ ಹೆದರ್ತಾರೆ, ಹಾಗಲ್ಲ, ಆಸ್ಪತ್ರೆಗೆ ಹಿಂದಕ್ಕೆ ಕಳಿಸಿದ್ರೂ ಬೇರೆ ಯೂನಿಟ್ಟಿಗೆ ಹೋದ್ರೂ ಅದನ್ನೇ ಬರೀತಾರೆ. ಒಂದು ಎಸ್.ಓ.ಎಸ್. ಆದ ಮೇಲೆ ಮುಂದಿನ ಟಿ.ಓ.ಎಸ್. ಎಲ್ಲಿ, ಯಾವತ್ತು ಅಂತ ಹುಡುಕಿ, ಇವೆರಡರ ನಡುವಿನ ದಿನಗಳಲ್ಲೇ ಮುಖ್ಯವಾದ ಸಂಗತಿ ಇರುತ್ತೆ.

ಉಳಿದ ಮೂರು ಅಕ್ಷರಗುಚ್ಛ ಭೂಪಟದ್ದು. ಪೈಫೋರ್ಸ್ ಅಂದ್ರೆ ಪರ್ಷಿಯಾ ಮತ್ತು ಇರಾಕ್‌ನಲ್ಲಿದ್ದ ಪಡೆ, 1942ರಲ್ಲಿ ಆದದ್ದು. ಎಂ.ಇ.ಎಫ್. ಅಂದ್ರೆ ಮಧ್ಯಪ್ರಾಚ್ಯದ ಪಡೆ, ಈಜಿಪ್ಟ್, ಪ್ಯಾಲೆಸ್ಟೈನ್, ಸಿರಿಯಾ, ಸೈಪ್ರಸ್ ಎಲ್ಲಾ ಇದ್ರೊಳಗೆ ಬರ್ತಿತ್ತು. ಸಿ.ಎಂ.ಎಫ್. ಅಂದ್ರೆ ಮೆಡಿಟರೇನಿಯನ್ ಪಡೆ, ಭಾರತೀಯ ಸೈನಿಕರ ಮಟ್ಟಿಗೆ ಬಹುಪಾಲು ಇಟಲಿ ಅಂತಲೇ ಅರ್ಥ.

ಈಗ ಸಾಲಾಗಿ ಓದ್ರಿ. 12-11-41ಕ್ಕೆ ಬೆಳಗಾವಿಯಲ್ಲಿ ಭರ್ತಿ. ಬ್ರಿಟಿಷ್ ಪದ್ಧತಿ, ದಿನ ಮೊದಲು ತಿಂಗಳು ಆಮೇಲೆ, ಹಾಗಾಗಿ ನವೆಂಬರ್ 12. ಸುಮಾರು ಒಂದು ವರ್ಷ ತರಬೇತಿ. 1942ರ ಅಕ್ಟೋಬರ್‌ನಲ್ಲಿ ಬಾಂಬೆಯಲ್ಲಿ ಹಡಗು ಹತ್ತಿದ್ದು, ಬಸ್ರಾದಲ್ಲಿ ಇಳಿದದ್ದು, ಅಲ್ಲಿಗೆ ಪೈಫೋರ್ಸ್. 1943ರಲ್ಲಿ 3/5ಕ್ಕೆ ಸೇರ್ಪಡೆ, ಪಕ್ಕದಲ್ಲಿ ಎಂ.ಇ.ಎಫ್. 1944ರ ಮಾರ್ಚ್‌ನಿಂದ ಸಿ.ಎಂ.ಎಫ್., 10ನೇ ಇಂಡಿಯನ್ ಡಿವಿಜನ್ ಇಟಲಿಗೆ ಹೋದದ್ದೂ ಅದೇ ತಿಂಗಳು, ಸರಿಯಾಗಿ ಕೂಡುತ್ತೆ. ಆಮೇಲೆ 12-7-44ರ ಸಾಲು. ಜಿ.ಎಸ್.ಡಬ್ಲ್ಯೂ. ಅಂದ್ರೆ ಗುಂಡೇಟು, ಪಕ್ಕದಲ್ಲಿ ಎಡ ಮುಂಗೈ ಅಂತ ಇದೆ. ಮುಂದೆ ಸಿ.ಸಿ.ಎಸ್. ಅಂತಿರೋದು ಮುಂಚೂಣಿ ಹತ್ರದ ಗಾಯಾಳು ಆಸ್ಪತ್ರೆ, ಐ.ಜಿ.ಎಚ್. ಅಂತಿರೋದು ಹಿಂದಿನ ದೊಡ್ಡ ಇಂಡಿಯನ್ ಜನರಲ್ ಆಸ್ಪತ್ರೆ. ಸೆಪ್ಟೆಂಬರ್‌ನಲ್ಲಿ ಮತ್ತೆ ಟಿ.ಓ.ಎಸ್. 3/5. ಅಂದ್ರೆ ವಾಸಿಯಾಗಿ ಅದೇ ಬೆಟಾಲಿಯನ್ನಿಗೆ ವಾಪಸ್ ಹೋಗಿದಾರೆ, ಯುದ್ಧ ಇನ್ನೂ ನಡೀತಿದ್ದಾಗ.

ಆ ಜುಲೈ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 1944ರ ಜುಲೈ 10ರಂದು, ಅಂದ್ರೆ ಅಜ್ಜಾರಿಗೆ ಗುಂಡೇಟು ಅಂತ ದಾಖಲಾಗೋಕೆ ಎರಡು ದಿನ ಮುಂಚೆ, ಇಟಲಿಯ ಟೈಬರ್ ನದಿಯ ಮೇಲ್ಕಣಿವೇಲಿ ಇದೇ 3/5 ಬೆಟಾಲಿಯನ್ನಿನ ನಾಯಕ್ ಯಶವಂತ ಘಾಡ್ಗೆ ಒಬ್ಬರೇ ಶತ್ರುಗಳ ಮಶೀನ್‌ಗನ್ ಠಾಣೆ ಮೇಲೆ ನುಗ್ಗಿ ಅದನ್ನ ಬಾಯಿ ಮುಚ್ಚಿಸಿ ಅಲ್ಲೇ ಪ್ರಾಣ ಬಿಟ್ರು, ಅವರಿಗೆ ಮರಣೋತ್ತರ ವಿಕ್ಟೋರಿಯಾ ಕ್ರಾಸ್, ಅಂದ್ರೆ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ, ಬಂತು. ನಿಮ್ಮಜ್ಜಾರು ಅದೇ ಕಂಪನೀಲಿ ಇದ್ರು ಅಂತ ಈ ಹಾಳೆ ಹೇಳಲ್ಲ, ಹಾಗೆ ಬರ್ಕೋಬೇಡಿ. ಆದ್ರೆ ಅದೇ ಬೆಟಾಲಿಯನ್, ಅದೇ ವಾರ, ಅಷ್ಟಂತೂ ಖಾತ್ರಿ. ಅವ್ವಾರಿಗೆ ಇದನ್ನ ಓದಿ ಹೇಳ್ರಿ.

ಬಲಗಡೆ ಕಾಲಂನಲ್ಲಿ ‘ಪಿ.ಟಿ. 2’ ಅಂತ ಬರೆದು ನಂಬರ್ ಹಾಕಿರೋದು ಪಾರ್ಟ್ 2 ಆರ್ಡರ್. ಪ್ರತಿಯೊಂದು ಬದಲಾವಣೆನೂ ಯೂನಿಟ್ಟಿನ ಆ ಆದೇಶದಲ್ಲಿ ಪ್ರಕಟ ಆದ ಮೇಲೇನೇ ಹಾಳೆಗೆ ಏರ್ತಿತ್ತು. ಆ ಕಾಲಂನಲ್ಲಿ 7/43 ಅಂತಿದ್ರೆ ಅದು 1943ರ 7ನೇ ಆರ್ಡರ್ ಇರಬಹುದು, ಜುಲೈ ತಿಂಗಳು ಅಂತ ತಿಳ್ಕೋಬೇಡಿ. ಇನ್ನೂ ಮುಂದೆ ಹೋಗಬೇಕು ಅನ್ಸಿದ್ರೆ ಬೆಟಾಲಿಯನ್ನಿನ ವಾರ್ ಡೈರಿಗಳು ಲಂಡನ್ನಿನ ಕ್ಯೂ ಅನ್ನೋ ಕಡೆ ಇರೋ ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ಮಧ್ಯಪ್ರಾಚ್ಯದ್ದು ಡಬ್ಲ್ಯೂ.ಓ. 169, ಇಟಲಿದು ಡಬ್ಲ್ಯೂ.ಓ. 170, ಬರ್ಮಾ ಕಡೇದು ಡಬ್ಲ್ಯೂ.ಓ. 172 ಸರಣಿ. ಕ್ಯಾಟಲಾಗ್ ಆನ್‌ಲೈನ್ ಪುಕ್ಕಟೆ ಹುಡುಕಬಹುದು, ಪ್ರತಿಗೆ ದುಡ್ಡು ಕೊಡಬೇಕು. ವಾರ್ ಡೈರೀಲಿ ಸಿಪಾಯಿಗಳ ಹೆಸರು ಬರೋದು ಅಪರೂಪ, ಬೆಟಾಲಿಯನ್ ಯಾವ ದಿನ ಯಾವ ಗುಡ್ಡದ ಮೇಲಿತ್ತು ಅನ್ನೋದು ಸಿಗುತ್ತೆ.

ಪ್ರಶ್ನೆ: ನಮ್ಮ ತಾತ ಆರ್.ಐ.ಎ.ಎಸ್.ಸಿ.ನಲ್ಲಿ ‘ಡ್ರೈವರ್ ಎಂ.ಟಿ.’ ಅಂತ ಇದೆ. ಇನ್ನೊಂದು ಪುಟದಲ್ಲಿ ಆಸ್ಪತ್ರೆ ಕಾಲಂನಲ್ಲೂ ‘ಎಂ.ಟಿ.’ ಅಂತ ಎರಡು ಸಲ ಇದೆ. ಗಾಡಿ ಆಕ್ಸಿಡೆಂಟ್ ಆಗಿ ಆಸ್ಪತ್ರೆ ಸೇರಿದ್ರು ಅಂತ ಅರ್ಥನಾ?
— ಓದುಗರು, ಚಿತ್ರದುರ್ಗ

ಉತ್ತರ: ಅಲ್ಲ. ಆರ್.ಐ.ಎ.ಎಸ್.ಸಿ. ಅಂದ್ರೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್, ಇವತ್ತಿನ ಎ.ಎಸ್.ಸಿ., ರೇಷನ್ನು ಪೆಟ್ರೋಲು ಮದ್ದುಗುಂಡು ಎಲ್ಲಾ ಮುಂಚೂಣಿಗೆ ಮುಟ್ಟಿಸೋರು. ಕೆಲಸದ ಕಾಲಂನಲ್ಲಿ ಎಂ.ಟಿ. ಅಂದ್ರೆ ಮೆಕ್ಯಾನಿಕಲ್ ಟ್ರಾನ್ಸ್‌ಪೋರ್ಟ್, ಅಂದ್ರೆ ಹೇಸರಗತ್ತೆ ಗಾಡಿ ಅಲ್ಲ, ಮೋಟಾರು ಲಾರಿ. ಆದ್ರೆ ಆಸ್ಪತ್ರೆ ಕಾಲಂನಲ್ಲಿ ಎಂ.ಟಿ. ಅಂದ್ರೆ ಮಲೇರಿಯಾದ ಒಂದು ಬಗೆ, ಮೆದುಳಿಗೇರಿ ಪ್ರಾಣ ತೆಗೆಯೋ ಕೆಟ್ಟ ಬಗೆ. ಅದೇ ಕಡೆ ಬಿ.ಟಿ. ಅಂತಿದ್ರೆ ಅಷ್ಟು ಅಪಾಯ ಇಲ್ಲದ, ಮತ್ತೆ ಮತ್ತೆ ಮರುಕಳಿಸೋ ಮಲೇರಿಯಾ. ಪಿ.ಯು.ಓ. ಅಂದ್ರೆ ಕಾರಣ ಗೊತ್ತಾಗದ ಜ್ವರ, ಎನ್.ವೈ.ಡಿ. ಅಂದ್ರೆ ಇನ್ನೂ ರೋಗ ಗುರುತಿಸಿಲ್ಲ ಅಂತ. ಟಿ.ಎ.ಬಿ. ಅಂತ ತಾರೀಖು ಹಾಕಿರೋದು ಟೈಫಾಯ್ಡ್ ಮತ್ತೆ ಪ್ಯಾರಾಟೈಫಾಯ್ಡ್ ಲಸಿಕೆ, ಅದು ರೋಗ ಅಲ್ಲ. ನಿಮ್ಮ ತಾತನ ಹಾಳೇಲಿ ಎರಡೂ ಎಂ.ಟಿ. 1943ರ ಮಳೆಗಾಲದ ತಿಂಗಳುಗಳಲ್ಲಿದೆ, ಜಾಗ ಅಸ್ಸಾಂ. ಆ ಗಡಿ ಕಾಡುಗಳಲ್ಲಿ ಗುಂಡಿಗಿಂತ ಜ್ವರಕ್ಕೆ ಆಸ್ಪತ್ರೆ ಸೇರಿದವ್ರೇ ಎಷ್ಟೋ ಪಾಲು ಜಾಸ್ತಿ. ಎರಡು ಸಲ ಆ ಮಲೇರಿಯಾ ಬಂದು, ವಾಸಿಯಾಗಿ, ಮತ್ತೆ ಲಾರಿ ಹತ್ತಿದಾರೆ ಅಂದ್ರೆ ಅದು ಸಣ್ಣ ಸಂಗತಿ ಅಲ್ಲ.

ಪ್ರಶ್ನೆ: ನಮ್ಮ ತಾತ ಮೈಸೂರು ಮಹಾರಾಜರ ಸೈನ್ಯದಲ್ಲಿದ್ರು, ಸಿಂಗಪುರದಲ್ಲಿ ಸುಭಾಷ್ ಬಾಬು ಅವ್ರ ಐ.ಎನ್.ಎ. (ಆಜಾದ್ ಹಿಂದ್ ಫೌಜ್) ಸೇರಿದ್ರು ಅಂತ ಮನೇಲಿ ಎಲ್ರೂ ಹೇಳ್ತಾರೆ. ಆದ್ರೆ ಸಿಕ್ಕಿರೋ ಕಾಗದದಲ್ಲಿ ‘ಮಿಸ್ಸಿಂಗ್ 15-2-42’, ‘ರಿಕವರ್ಡ್ ರಬೌಲ್ 9/45’ ಅಂತ ಮಾತ್ರ ಇದೆ. ರಬೌಲ್ ಎಲ್ಲಿದೆ? ಐ.ಎನ್.ಎ. ಅನ್ನೋದು ಎಲ್ಲೂ ಇಲ್ಲ. ಬೇಕಂತಲೇ ಬರೆದಿಲ್ವಾ?
— ಓದುಗರು, ಮಂಡ್ಯ

ಉತ್ತರ: 15-2-42 ಸಿಂಗಪುರ ಶರಣಾದ ದಿನ. ಅಲ್ಲಿದ್ದ ಸಂಸ್ಥಾನಗಳ ಪಡೆಗಳಲ್ಲಿ ನಮ್ಮ ಮೈಸೂರು ಇನ್ಫೆಂಟ್ರಿನೂ ಒಂದು. ಸಿಂಗಪುರ ಮಲಯಾದಲ್ಲಿ 40 ಸಾವಿರಕ್ಕೂ ಮೇಲ್ಪಟ್ಟು ಭಾರತೀಯ ಸೈನಿಕರು ಜಪಾನೀಯರಿಗೆ ಸೆರೆ ಸಿಕ್ಕಿದ್ರು. ಯಾರು ಬದುಕಿದಾರೆ ಯಾರು ಇಲ್ಲ ಅಂತ ಭಾರತದ ರೆಕಾರ್ಡ್ ಆಫೀಸುಗಳಿಗೆ ಸುದ್ದಿನೇ ಇಲ್ಲದೆ ಎಲ್ಲರ ಹೆಸರಿನ ಮುಂದೆ ಮಿಸ್ಸಿಂಗ್ ಅಂತ ಬರೆದ್ರು. ಮೂರೂವರೆ ವರ್ಷ ನಿಮ್ಮ ಅಜ್ಜಿ ಕೈಲಿ ಇದ್ದದ್ದು ಆ ಒಂದು ಮಾತು ಅಷ್ಟೇ.

ರಬೌಲ್ ಇರೋದು ನ್ಯೂಗಿನಿಯ ಪಕ್ಕದ ನ್ಯೂ ಬ್ರಿಟನ್ ದ್ವೀಪದಲ್ಲಿ, ಆಸ್ಟ್ರೇಲಿಯಾದ ಉತ್ತರಕ್ಕೆ. ಭಾರತೀಯ ಯುದ್ಧಕೈದಿಗಳನ್ನ ಗುಂಪು ಗುಂಪಾಗಿ ಹಡಗಲ್ಲಿ ತುಂಬಿ ಆ ಕಡೆ ದ್ವೀಪಗಳಿಗೆ ಕೂಲಿ ಕೆಲಸಕ್ಕೆ ಒಯ್ದಿದ್ರು. ಹಡಗಲ್ಲೇ ಸತ್ತೋರು, ಹಸಿವಿಗೆ ಸತ್ತೋರು, ಕಾಯಿಲೆಗೆ ಸತ್ತೋರು, ಮಿತ್ರರಾಷ್ಟ್ರಗಳದ್ದೇ ಬಾಂಬಿಗೆ ಸತ್ತೋರು, ಹೀಗೆ ಬಹಳ ಜನ. ರಬೌಲ್‌ನ ಜಪಾನಿ ಸೇನೆ 1945ರ ಸೆಪ್ಟೆಂಬರ್ 6ಕ್ಕೆ ಶರಣಾಯ್ತು, ಆಮೇಲೆ ಆಸ್ಟ್ರೇಲಿಯನ್ ಸೈನಿಕರು ಬಂದು ಬದುಕುಳಿದವ್ರನ್ನ ಬಿಡಿಸಿದ್ರು. ನಿಮ್ಮ ಕಾಗದದ ಎರಡನೇ ಸಾಲು ಅದೇ.

ಈಗ ಐ.ಎನ್.ಎ. ವಿಷ್ಯ. ಕ್ಯಾಪ್ಟನ್ ಮೋಹನ್ ಸಿಂಗ್ ನೇತೃತ್ವದ ಮೊದಲ ಐ.ಎನ್.ಎ. 1942ರಲ್ಲಿ ಆಗಿ ಅದೇ ವರ್ಷ ಡಿಸೆಂಬರ್‌ನಲ್ಲಿ ಮುರಿದು ಬಿತ್ತು. ಸುಭಾಷ್ ಬಾಬು ಸಿಂಗಪುರಕ್ಕೆ ಬಂದದ್ದು 1943ರ ಜುಲೈನಲ್ಲಿ, ಅವ್ರು ಕಟ್ಟಿದ ಐ.ಎನ್.ಎ. ಹೋರಾಡಿದ್ದು ಬರ್ಮಾ, ಇಂಫಾಲ ಕಡೆ. 1945ರಲ್ಲಿ ರಬೌಲ್‌ನಲ್ಲಿ ಸಿಕ್ಕಿದವ್ರು ಆ ಬರ್ಮಾದ ಐ.ಎನ್.ಎ.ನಲ್ಲಿ ಇದ್ದಿರೋ ಸಾಧ್ಯತೆ ತೀರಾ ಕಮ್ಮಿ. ಮೊದಲನೇ ಐ.ಎನ್.ಎ.ಗೆ ಹೆಸರು ಕೊಟ್ಟು ಆಮೇಲೆ ಬಿಟ್ಟವ್ರೂ ಇದ್ದರು, ಅದನ್ನ ಈ ಕಾಗದ ಹೌದು ಅನ್ನಲ್ಲ, ಇಲ್ಲ ಅನ್ನಲ್ಲ. ಸೇರದೇ ಇದ್ದ ಎಷ್ಟೋ ಜನ ಈ ದ್ವೀಪಗಳ ಕೂಲಿಗೆ ಹೋದ್ರು ಅನ್ನೋದು ಮಾತ್ರ ನಿಜ.

ಒಂದು ಪರೀಕ್ಷೆ ಮಾಡಬಹುದು. ವಾಪಸ್ ಬಂದ ಕೈದಿಗಳನ್ನ ಬ್ರಿಟಿಷರು ವಿಚಾರಣೆ ಮಾಡಿ ವೈಟ್, ಗ್ರೇ, ಬ್ಲ್ಯಾಕ್ ಅಂತ ಮೂರು ಭಾಗ ಮಾಡಿದ್ರು, ಐ.ಎನ್.ಎ. ಜೊತೆ ಗಟ್ಟಿಯಾಗಿ ನಿಂತವ್ರನ್ನ ಬ್ಲ್ಯಾಕ್ ಅಂತ ಬರೆದು ಸೇವೆಯಿಂದ ವಜಾ ಮಾಡಿದ್ರು. ನಿಮ್ಮ ತಾತನ ಕೊನೇ ಸಾಲಲ್ಲಿ ಏನಿದೆ ನೋಡಿ. ಬಾಕಿ ಸಂಬಳ, ವಾರ್ ಗ್ರಾಚುಯಿಟಿ ಕೊಟ್ಟು ಬಿಡುಗಡೆ ಅಂತಿದ್ರೆ ವೈಟ್ ಅಂತ ಪರಿಗಣಿಸಿದಾರೆ. ‘ಡಿಸ್ಮಿಸ್ಡ್’ ಅಂತಿದ್ರೆ ಕತೆ ಬೇರೆ, ಆಗ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ಐ.ಎನ್.ಎ. ಕಡತಗಳಲ್ಲಿ ಹುಡುಕೋದಕ್ಕೆ ಕಾರಣ ಇದೆ, ‘ಅಭಿಲೇಖ್ ಪಟಲ್’ ಅನ್ನೋ ಅವರ ಪೋರ್ಟಲ್‌ನಲ್ಲಿ ಶುರು ಮಾಡಿ. ಜೊತೆಗೆ ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್‌ನವರ ಫೋಟೋ ಸಂಗ್ರಹದಲ್ಲಿ ಬಿಡುಗಡೆಯಾದ ಭಾರತೀಯ ಕೈದಿಗಳ ಚಿತ್ರಗಳಿವೆ, ಆನ್‌ಲೈನ್ ನೋಡಬಹುದು. ನೋಡೋವಾಗ ಮನಸ್ಸು ಗಟ್ಟಿ ಮಾಡ್ಕೊಳ್ಳಿ, ಮೂಳೆ ಚಕ್ಕಳ ಆಗಿರೋ ಜನ.

ಮೈಸೂರು ಇನ್ಫೆಂಟ್ರಿ ಸ್ವಾತಂತ್ರ್ಯದ ನಂತರ ಮದ್ರಾಸ್ ರೆಜಿಮೆಂಟಿಗೆ 18ನೇ ಬೆಟಾಲಿಯನ್ ಆಗಿ ಸೇರಿತು, ಹಾಗಾಗಿ ರೆಕಾರ್ಡ್ ಕೇಳೋದಾದ್ರೆ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿರೋ ಮದ್ರಾಸ್ ರೆಜಿಮೆಂಟ್ ರೆಕಾರ್ಡ್ಸ್‌ಗೆ ಬರೀರಿ. ಸಂಸ್ಥಾನದ ಕಾಲದ ಸರ್ಕಾರಿ ಕಡತಗಳಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರವನ್ನೂ ಒಮ್ಮೆ ಕೇಳಿ. ಮನೆಯವ್ರಿಗೆ ಬೇಜಾರಾಗುತ್ತೆ ಅಂತ ಹೇಳದೇ ಇರಬೇಡಿ. ಆ ದ್ವೀಪದಲ್ಲಿ ಕೊನೇವರೆಗೂ ಜೀವ ಹಿಡ್ಕೊಂಡು ಬಂದದ್ದನ್ನ ಯಾರೂ ಇಷ್ಟು ವರ್ಷ ಕೇಳೇ ಇಲ್ವಲ್ಲ, ನಂಗೆ ಬೇಜಾರು ಅನ್ಸೋದು ಅದು.

ಪ್ರಶ್ನೆ: ಹೇಳ್ಬೇಕೋ ಬ್ಯಾಡೋ ತಿಳೀವಲ್ದು. ನಮ್ಮ ಮುತ್ಯಾನ ಕಾಗದದಾಗ ‘ಓ.ಎಸ್.ಎಲ್. 19 ಡೇಸ್’, ‘14 ಡೇಸ್ ಆರ್.ಐ.’ ಅಂತ ಕೆಂಪು ಶಾಯಿಯಾಗ ಅದ. ಜೈಲಿಗೆ ಹೋಗಿದ್ರಂತ ಒಬ್ರು ಹೇಳಿದ್ರು. ಏನು ತಪ್ಪು ಮಾಡಿದ್ರು? ಇದನ್ನ ಮಕ್ಕಳಿಗೆ ತೋರಿಸ್ಬೇಕೇನು?
— ಓದುಗರು, ವಿಜಯಪುರ ಜಿಲ್ಲೆ

ಉತ್ತರ: ತೋರಿಸ್ರಿ, ಖಂಡಿತ ತೋರಿಸ್ರಿ. ಓ.ಎಸ್.ಎಲ್. ಅಂದ್ರೆ ರಜೆ ಮುಗಿದ ಮೇಲೂ ವಾಪಸ್ ಹೋಗದೆ ಊರಲ್ಲಿ ಉಳಿದದ್ದು, ಇಲ್ಲಿ 19 ದಿನ. ಆರ್.ಐ. ಅಂದ್ರೆ ಕಠಿಣ ಸಜೆ, 14 ದಿನ. ಆ ದಿನಗಳ ಸಂಬಳವೂ ಹೋಗಿದೆ. ಕಳವು ಅಲ್ಲ, ಯುದ್ಧದಿಂದ ಓಡಿ ಹೋದದ್ದೂ ಅಲ್ಲ, ಓಡಿ ಹೋದ್ರೆ ಡೆಸರ್ಷನ್ ಅಂತ ಬೇರೆ ಮಾತೇ ಇದೆ.

ಈಗ ತಾರೀಖು ನೋಡ್ರಿ: 1943ರ ಮಾರ್ಚ್. 1942-43ರಲ್ಲಿ ಬಿಜಾಪುರ ಜಿಲ್ಲೆಗೆ ದೊಡ್ಡ ಬರ ಬಿದ್ದಿತ್ತು. ರಜೆ ಮೇಲೆ ಬಂದ ಒಬ್ಬ ಸಿಪಾಯಿ ತಿರುಗಿ ಹೋಗೋಕೆ ಹತ್ತೊಂಬತ್ತು ದಿನ ತಡ ಮಾಡಿದ ಅನ್ನೋದನ್ನ ಆ ಬರದ ಪಕ್ಕ ಇಟ್ಟು ನೋಡಿದ್ರೆ ಮನಸ್ಸಿಗೆ ಏನೋ ಹೊಳೆಯುತ್ತೆ. ಆದ್ರೂ ಅದು ಊಹೆನೇ, ಕಾಗದದಲ್ಲಿ ಕಾರಣ ಬರೆದಿಲ್ಲ. ನಿಮ್ಮ ಮನೆತನದ ಚರಿತ್ರೆ ಬರೆದಿಡೋದಾದ್ರೆ ಕಾಗದದಲ್ಲಿರೋದು ಒಂದು ಬಣ್ಣದ ಪೆನ್ನಲ್ಲಿ, ಊಹೆ ಇನ್ನೊಂದು ಬಣ್ಣದಲ್ಲಿ ಬರೀರಿ, ಮುಂದಿನವರಿಗೆ ಯಾವುದು ಯಾವುದು ಅಂತ ತಿಳೀಲಿ. ಮನೇಲಿ ವಯಸ್ಸಾದವ್ರು ಯಾರಾದ್ರೂ ಇದ್ರೆ ಆ ವರ್ಷ ಮನೇಲಿ ಯಾರು ತೀರ್ಕೊಂಡ್ರು, ಎತ್ತು ಮಾರಿದ್ರಾ, ಗುಳೆ ಹೋದ್ರಾ ಅಂತ ಇವತ್ತೇ ಕೇಳ್ರಿ.

ಇನ್ನೊಂದು, ಅದೇ ಸರ್ಟಿಫಿಕೇಟಿನ ಕೊನೇಲಿ ‘ಕ್ಯಾರೆಕ್ಟರ್: ವೆರಿ ಗುಡ್’ ಅಂತಿದೆ, ನೀವು ಅದನ್ನ ಬರೆದೇ ಇಲ್ಲ! ಸೇನೆಯವ್ರು ನಡತೆಗೆ ಎಕ್ಸೆಂಪ್ಲರಿ, ವೆರಿ ಗುಡ್, ಗುಡ್, ಫೇರ್ ಅಂತ ಇಳಿಯೋ ಕ್ರಮದಲ್ಲಿ ದರ್ಜೆ ಕೊಡ್ತಿದ್ರು. ಕೆಂಪು ಶಾಯಿ ಸಾಲು ಇದ್ದೂ ಮೇಲಿಂದ ಎರಡನೇ ದರ್ಜೆ ಕೊಟ್ಟಿದಾರೆ ಅಂದ್ರೆ ಅವರ ಆಫೀಸರ್ರೇ ಆ ತಪ್ಪನ್ನ ದೊಡ್ಡದು ಮಾಡಿಲ್ಲ.

ಪ್ರಶ್ನೆ: ಅಜ್ಜನ ಮೆಡಲ್‌ಗಳು ಮೂರಿವೆ. ಒಂದು ಆರು ಮೂಲೆಯ ನಕ್ಷತ್ರ, ‘ಬರ್ಮಾ ಸ್ಟಾರ್’ ಅಂತಿದೆ. ಒಂದ್ರಲ್ಲಿ ಸಿಂಹ ಯಾವುದೋ ಪ್ರಾಣಿ ಮೇಲೆ ನಿಂತಿದೆ. ಇನ್ನೊಂದ್ರಲ್ಲಿ ಭಾರತದ ಮ್ಯಾಪ್. ಇವು ಶೌರ್ಯಕ್ಕೆ ಕೊಟ್ಟಿದ್ದಾ?
— ಓದುಗರು, ಹಾಸನ

ಉತ್ತರ: ಮೂರೂ ಸೇವೆಯ ಪದಕಗಳು, ನಿಗದಿಯಾದ ಕಾಲ, ನಿಗದಿಯಾದ ಜಾಗದಲ್ಲಿ ಸೇವೆ ಮಾಡಿದ ಎಲ್ಲರಿಗೂ ಸಿಗೋ ಅಂಥವು. ಸಿಂಹ ನಿಂತಿರೋದು ಎರಡು ತಲೆಯ ಡ್ರ್ಯಾಗನ್ ಮೇಲೆ, ಅದು ವಾರ್ ಮೆಡಲ್ 1939-45, ಕನಿಷ್ಠ 28 ದಿನದ ಸೇವೆಗೆ ಕೊಡ್ತಿದ್ರು. ಮ್ಯಾಪ್ ಇರೋದು ಇಂಡಿಯಾ ಸರ್ವಿಸ್ ಮೆಡಲ್, ಅದಕ್ಕೆ ಭಾರತದೊಳಗೆ ಮೂರು ವರ್ಷದ ಸೇವೆ ಬೇಕಿತ್ತು. ಬರ್ಮಾ ಸ್ಟಾರ್ 1941ರ ಡಿಸೆಂಬರ್ 11ರಿಂದ 1945ರ ಸೆಪ್ಟೆಂಬರ್ 2ರ ನಡುವಿನ ಸೇವೆಗೆ. ಆದ್ರೆ ಬರ್ಮಾ ಸ್ಟಾರ್ ಇದೆ ಅಂದ ಮಾತ್ರಕ್ಕೆ ಬರ್ಮಾ ನೆಲ ಮುಟ್ಟಿದ್ರು ಅಂತಲ್ಲ, ಕೆಲವು ಅವಧಿಯಲ್ಲಿ ಅಸ್ಸಾಂ, ಬಂಗಾಳದಲ್ಲಿ ಇದ್ದವರಿಗೂ ಅದು ಸಿಗ್ತಿತ್ತು. ಪದಕದ ಅಂಚನ್ನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಭಾರತೀಯರಿಗೆ ಕೊಟ್ಟ ಪದಕಗಳಲ್ಲಿ ಎಷ್ಟೋ ಸಲ ನಂಬರ್, ಹೆಸರು, ರೆಜಿಮೆಂಟ್ ಸಣ್ಣಕ್ಷರದಲ್ಲಿ ಒತ್ತಿರ್ತಾರೆ, ನಕ್ಷತ್ರ ಆದ್ರೆ ಹಿಂಬದಿ. ಅದು ಕಂಡ್ರೆ ಅರ್ಧ ಕೆಲಸ ಆದ ಹಾಗೇ. ದಯವಿಟ್ಟು ಪಾಲಿಷ್ ಹಚ್ಚಿ ಉಜ್ಜಬೇಡಿ, ಆ ಅಕ್ಷರನೇ ಸವೆದು ಹೋಗುತ್ತೆ.

ಪ್ರಶ್ನೆ: ನಮ್ಮ ಹತ್ರ ಏನೂ ಕಾಗದ ಇಲ್ಲ. ಒಂದು ಹಳೇ ಮನಿಯಾರ್ಡರ್ ಚೀಟಿಯಲ್ಲಿ ಸೈನಿಕ ಸಂಖ್ಯೆ ಇದೆ ಅಷ್ಟೇ. ಅಜ್ಜ ಸೇರುವಾಗ ಬಳ್ಳಾರಿಯವ್ರು. ಆರ್.ಟಿ.ಐ. ಹಾಕಿದ್ರೆ ಎಲ್ಲಾ ಸಿಗುತ್ತಾ?
— ಓದುಗರು, ಬಳ್ಳಾರಿ

ಉತ್ತರ: ಎಲ್ಲಾ ಸಿಗಲ್ಲ, ಸ್ವಲ್ಪ ಸಿಗಬಹುದು. ಬರೀ ಸಂಖ್ಯೆ ಸಾಲದು, ಆಗ ಒಂದೊಂದು ರೆಜಿಮೆಂಟು, ಕೋರಿಗೆ ಅದರದ್ದೇ ನಂಬರ್ ಸಾಲು ಇತ್ತು, ಅದೇ ಸಂಖ್ಯೆ ಇನ್ನೊಂದು ಕೋರಿನಲ್ಲೂ ಇರುತ್ತೆ. ಕೋರ್ ಯಾವುದು ಅಂತ ಮೊದಲು ಗೊತ್ತಾಗಬೇಕು. ಫೋಟೋ ಇದ್ರೆ ಟೋಪಿ ಬ್ಯಾಡ್ಜು, ಭುಜದ ಮೇಲಿನ ಅಕ್ಷರ ದೊಡ್ಡದು ಮಾಡಿ ನೋಡಿ. ‘ಸ್ಯಾಪರ್’ ಅನ್ನೋ ದರ್ಜೆ ಇದ್ರೆ ಇಂಜಿನಿಯರ್ಸ್, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಇರಬಹುದು. ‘ಸವಾರ್’, ‘ದಫೇದಾರ್’ ಅಂತಿದ್ರೆ ಅಶ್ವದಳದ ಮೂಲದ ರೆಜಿಮೆಂಟು. ಮದ್ರಾಸ್ ಸ್ಯಾಪರ್ಸ್, ಎ.ಎಸ್.ಸಿ. ದಕ್ಷಿಣ, ಇವುಗಳ ರೆಕಾರ್ಡ್ ಆಫೀಸ್ ಬೆಂಗಳೂರಲ್ಲಿ, ತೋಪಖಾನೆದು ನಾಸಿಕ್ ರೋಡ್‌ನಲ್ಲಿ, ವೈದ್ಯಕೀಯ ದಳದ್ದು ಲಖನೌನಲ್ಲಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿದ್ರೆ ಸರಿಯಾದ ವಿಳಾಸ ಕೊಡ್ತಾರೆ.

ಪಿಂಚಣಿ ಇಲ್ಲದೆ ಬಿಡುಗಡೆ ಆದವ್ರ ಪೂರ್ತಿ ಕಡತವನ್ನ 25 ವರ್ಷ ಇಟ್ಟು ಆಮೇಲೆ ನಾಶ ಮಾಡೋ ನಿಯಮ ಇದೆ. ಯುದ್ಧ ಮುಗಿದ ಕೂಡಲೇ ಮನೆಗೆ ಕಳಿಸಿದವ್ರಲ್ಲಿ ಹೆಚ್ಚಿನವ್ರು ಈ ಗುಂಪೇ. ಉಳಿಯೋದು ಲಾಂಗ್ ರೋಲ್ ಅನ್ನೋ ದಪ್ಪ ರಿಜಿಸ್ಟರಿನ ಒಂದು ಸಾಲು: ನಂಬರ್, ದರ್ಜೆ, ಹೆಸರು, ಸೇರಿದ ದಿನ, ಬಿಟ್ಟ ದಿನ, ಕಾರಣ. ಅದಕ್ಕೇ ಅರ್ಜೀಲಿ ‘ಎಲ್ಲಾ ದಾಖಲೆ ಕೊಡಿ’ ಅಂತ ಬರೆಯೋ ಬದಲು ‘ಲಾಂಗ್ ರೋಲ್ ನಮೂದಿನ ಪ್ರತಿ ಕೊಡಿ’ ಅಂತ ಹೆಸರಿಟ್ಟು ಕೇಳಿ, ನೀವು ಮೊಮ್ಮಗ ಅನ್ನೋದಕ್ಕೆ ಪುರಾವೆ ಲಗತ್ತಿಸಿ.

ಹೆಸರನ್ನ ನಾಲ್ಕೈದು ಥರ ಬರೆದು ಕೊಡಿ. ಕನ್ನಡ ಬಾರದ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರ್ಕೊಂಡಿರ್ತಾರೆ, ಬಸಪ್ಪ ಅನ್ನೋದು ವಾಸಪ್ಪ ಆಗಿರಬಹುದು, ಅಪ್ಪನ ಹೆಸರೇ ಅಡ್ಡಹೆಸರಾಗಿ ಕೂತಿರಬಹುದು. ಊರಿನ ವಿಳಾಸಕ್ಕೂ ಆಗಿನ ಆಡಳಿತ ನೆನಪಿರಲಿ: ನಿಮ್ಮ ಬಳ್ಳಾರಿ ಮತ್ತೆ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯ, ಧಾರವಾಡ ಬೆಳಗಾವಿ ಬಿಜಾಪುರ ಕಾರವಾರ ಬಾಂಬೆ ಪ್ರಾಂತ್ಯ, ಕಲಬುರಗಿ ರಾಯಚೂರು ಬೀದರ್ ನಿಜಾಮರದ್ದು, ಕೊಡಗು ಬೇರೆ. ಹುಟ್ಟಿದ ದಿನಕ್ಕೆ ತಲೆ ಕೆಡಿಸ್ಕೋಬೇಡಿ, ಭರ್ತಿ ಮಾಡುವಾಗ ನೋಡಿದ್ರೆ ಎಷ್ಟು ವಯಸ್ಸು ಅನ್ಸುತ್ತೋ ಅದನ್ನೇ ಬರೀತಿದ್ರು.

ಅಜ್ಜ ಯುದ್ಧದಲ್ಲೇ ತೀರ್ಕೊಂಡಿದ್ರೆ ಮಾತ್ರ ದಾರಿ ಸುಲಭ. ಕಾಮನ್ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಆನ್‌ಲೈನ್ ಪಟ್ಟಿ ಪುಕ್ಕಟೆ, ಅದರಲ್ಲಿ ಎಷ್ಟೋ ಕಡೆ ಅಪ್ಪನ ಹೆಸರು, ಹೆಂಡತಿ ಹೆಸರು, ಊರು, ಜಿಲ್ಲೆ ಕೂಡ ಇರುತ್ತೆ. ಸಮಾಧಿ ಇಲ್ಲದವ್ರ ಹೆಸರು ಸ್ಮಾರಕಗಳ ಗೋಡೆ ಮೇಲಿದೆ, ಬರ್ಮಾದಲ್ಲಿ ಹೋದವ್ರದ್ದು ಯಾಂಗೂನ್ ಹತ್ರದ ತೌಕ್ಯಾನ್‌ನಲ್ಲಿ, ಸಿಂಗಪುರ ಮಲಯಾದವ್ರದ್ದು ಕ್ರಾಂಜಿಯಲ್ಲಿ. ಹುಡುಕುವಾಗ ಹೆಸರಿಗಿಂತ ಸೈನಿಕ ಸಂಖ್ಯೆ ಹಾಕಿ ನೋಡಿ, ಸ್ಪೆಲ್ಲಿಂಗ್ ತಾಪತ್ರಯ ಇರಲ್ಲ.

ಪ್ರಶ್ನೆ: ಡಿಸ್ಚಾರ್ಜ್ ಸರ್ಟಿಫಿಕೇಟ್ ಮಡಚಿದ ಕಡೆಯೆಲ್ಲಾ ಹರಿದಿದೆ. ಲ್ಯಾಮಿನೇಷನ್ ಮಾಡಿಸ್ಲಾ?
— ಓದುಗರು, ಶಿವಮೊಗ್ಗ

ಉತ್ತರ: ಬೇಡವೇ ಬೇಡ. ಲ್ಯಾಮಿನೇಷನ್ ಬಿಸಿಗೆ ಹಳೇ ಕಾಗದ ಹಾಳಾಗುತ್ತೆ, ಆಮೇಲೆ ಬಿಡಿಸೋಕೂ ಆಗಲ್ಲ. ಸೆಲ್ಲೋಟೇಪ್ ಕೂಡ ಬೇಡ, ಕೆಲವು ವರ್ಷಕ್ಕೆ ಅಂಟು ಕಂದು ಬಣ್ಣಕ್ಕೆ ತಿರುಗಿ ಅಕ್ಷರ ನುಂಗುತ್ತೆ. ಒದ್ದೆ ಬಟ್ಟೇಲಿ ಒರೆಸಲೇಬೇಡಿ: ಆ ಕಾಲದಲ್ಲಿ ಕಾಪಿಯಿಂಗ್ ಪೆನ್ಸಿಲ್ ಅಂತ ಬಳಸ್ತಿದ್ರು, ಒಣಗಿದ್ದಾಗ ಬೂದುಬಣ್ಣ, ನೀರು ತಾಗಿದ ಕೂಡಲೇ ನೇರಳೆಯಾಗಿ ಹರಡಿ ಸಾಲಿಗೆ ಸಾಲೇ ಹೋಗುತ್ತೆ. ಮೊದಲು ಕಿಟಕಿ ಹತ್ರ ಹಗಲು ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ, ಎರಡೂ ಬದಿ ಫೋಟೋ ತೆಗೀರಿ. ಮಸುಕಾದ ಪೆನ್ಸಿಲ್ ಗುರುತಿಗೆ ಬೆಳಕು ಪಕ್ಕದಿಂದ ಬೀಳೋ ಹಾಗೆ ಇನ್ನೊಂದು ತೆಗೆದು ಮೊಬೈಲ್‌ನಲ್ಲೇ ಕಾಂಟ್ರಾಸ್ಟ್ ಏರಿಸಿ ನೋಡಿ, ಕಾಣದೇ ಇದ್ದ ಅಂಕೆ ಕಾಣ್ಸುತ್ತೆ. ಹಿಂಬದಿ ಖಾಲಿ ಅಂತ ಬಿಡಬೇಡಿ, ಹಿಂಬದಿಯ ರಬ್ಬರ್ ಮುದ್ರೆಗಳಲ್ಲೇ ಎಷ್ಟೋ ಸಲ ಬಿಡುಗಡೆ ಆದ ಸೆಂಟರಿನ ಹೆಸರು, ಗ್ರಾಚುಯಿಟಿ ಕೊಟ್ಟ ದಿನ ಇರುತ್ತೆ. ಆಮೇಲೆ ಮಡಿಕೆ ಬಿಚ್ಚಿ, ಆಮ್ಲ ಇಲ್ಲದ ಕಾಗದದ ಫೋಲ್ಡರ್‌ನಲ್ಲಿ ಚಪ್ಪಟೆಯಾಗಿ ಇಡಿ, ನಿಮ್ಮ ಕಡೆ ಮಳೆಗಾಲದ ತೇವ ಜಾಸ್ತಿ, ಗೋಡೆಗೆ ತಾಗಿದ ಬೀರುವಿನಲ್ಲಿ ಇಡಬೇಡಿ. ಫೋಟೋಗಳ ಪ್ರತಿನ ಮನೆಯ ಇನ್ನಿಬ್ಬರಿಗೆ ಕಳ್ಸಿಡಿ.